ಒಂದು, ಎರಡು, ನಾಲ್ಕು ಸಾಲದು: ತಾರಸಿಯ ಕಾಂಕ್ರೀಟಿಗೆ ಶಾಲೆಯ ಲೆಕ್ಕ

ಸಿಮೆಂಟು ಒಂದು, ಹೊಯಿಗೆ ಎರಡು, ಜಲ್ಲಿ ನಾಲ್ಕು. ಮನೆ ಕಟ್ಟುವವರ ಬಾಯಲ್ಲಿ ಈ ಸೂತ್ರ ಬಹುಕಾಲದಿಂದ ನೆಲೆನಿಂತಿದೆ. ಹಂಚಿನ ಮಾಡು ಹೋಗಿ ತಾರಸಿ ಬಂದಂದಿನಿಂದ ಎಷ್ಟೋ ಮನೆಗಳು ಇದೇ ಲೆಕ್ಕದಲ್ಲಿ ಎದ್ದಿವೆ. ಆದರೆ ಭಾರತೀಯ ಮಾನಕ ಬ್ಯೂರೊ 2000ನೆಯ ಇಸವಿಯಲ್ಲಿ ಪರಿಷ್ಕರಿಸಿದ ಐಎಸ್ 456 ಎಂಬ ಸಂಹಿತೆಯ ಪ್ರಕಾರ, ಕಬ್ಬಿಣದ ಸರಳು ಹಾಕಿದ ಯಾವ ಕಾಂಕ್ರೀಟಿಗೂ ಈ ಮಿಶ್ರಣ ಸಾಲದು. ಜೀವಮಾನದ ಉಳಿತಾಯವನ್ನು ಸುರಿದು ಮನೆ ಕಟ್ಟುವ ಕುಟುಂಬ ಇದರ ಕಾರಣವನ್ನು ಅರಿತಿರಬೇಕು. ಅದಕ್ಕೆ ಬೇಕಾದ ಗಣಿತವೆಲ್ಲ ನಮ್ಮ ಮಕ್ಕಳು ಯು.ಪಿ. ತರಗತಿಯಲ್ಲಿ ಕನ್ನಡದಲ್ಲೇ ಕಲಿಯುವ ಅನುಪಾತ ಮತ್ತು ಘನಫಲದ ಪಾಠಗಳಲ್ಲಿದೆ.

ಕಾಂಕ್ರೀಟಿನ ದರ್ಜೆಯನ್ನು ಎಂ15, ಎಂ20, ಎಂ30 ಎಂದು ಹೆಸರಿಸುತ್ತಾರೆ. 'ಎಂ' ಎಂದರೆ ಮಿಶ್ರಣ. ಮುಂದಿನ ಅಂಕೆ ಅದರ ಬಲವನ್ನು ಸೂಚಿಸುತ್ತದೆ. 150 ಮಿಲಿಮೀಟರ್ ಬದಿಯ ಘನವೊಂದನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿ ಹದಗೊಳಿಸಿ, ಯಂತ್ರದಲ್ಲಿಟ್ಟು ಒತ್ತಿದಾಗ ಪ್ರತಿ ಚದರ ಮಿಲಿಮೀಟರಿಗೆ ಎಷ್ಟು ನ್ಯೂಟನ್ ಒತ್ತಡ ತಾಳುತ್ತದೆ ಎಂಬುದೇ ಆ ಅಂಕೆ. ಘನದ ಮುಖದ ವಿಸ್ತೀರ್ಣ 22,500 ಚದರ ಮಿಲಿಮೀಟರ್. ಆದುದರಿಂದ ಎಂ20 ದರ್ಜೆಯ ಘನ 4,50,000 ನ್ಯೂಟನ್, ಅಂದರೆ ಸುಮಾರು 46 ಟನ್ ಭಾರವನ್ನು ಹೊರಬೇಕು.

ಅಳತೆಯ ಅನುಪಾತದಲ್ಲಿ ಹೇಳುವುದಾದರೆ, 1:3:6 ಮಿಶ್ರಣ ಎಂ10 ದರ್ಜೆಯದು. ಅಡಿಪಾಯದ ತಳಕ್ಕೆ ಹಾಸುವ ಸರಳಿಲ್ಲದ ಕಾಂಕ್ರೀಟಿಗೆ ಅದು ಸಾಕು. 1:2:4 ಎಂದರೆ ಎಂ15. 1:1½:3 ಎಂದರೆ ಎಂ20. ಸರಳು ಹಾಕಿದ ತೊಲೆ, ಕಂಬ, ತಾರಸಿಗಳಿಗೆ ಸಂಹಿತೆ ಒಪ್ಪುವ ಕನಿಷ್ಠ ದರ್ಜೆ ಎಂ20.

ಈಗ ಒಂದು ಲೆಕ್ಕ ಮಾಡೋಣ. 10 ಮೀಟರ್ ಉದ್ದ, 8 ಮೀಟರ್ ಅಗಲ, 12 ಸೆಂಟಿಮೀಟರ್ ದಪ್ಪದ ತಾರಸಿಯ ಘನಫಲ 9.6 ಘನಮೀಟರ್. ಒಣ ಸಾಮಗ್ರಿಗಳನ್ನು ನೀರು ಹಾಕಿ ಕಲಸಿ ಅದುಮಿದಾಗ ಅವುಗಳ ನಡುವಿನ ತೆರಪು ತುಂಬಿಕೊಳ್ಳುವುದರಿಂದ, ಒಣ ಅಳತೆಯನ್ನು 1.54 ಪಟ್ಟು ಹೆಚ್ಚಿಗೆ ಹಿಡಿಯುವುದು ರೂಢಿ. 9.6ನ್ನು 1.54ರಿಂದ ಗುಣಿಸಿದರೆ 14.78 ಘನಮೀಟರ್. 1:1½:3ರ ಒಟ್ಟು ಭಾಗಗಳು ಐದೂವರೆ. ಭಾಗಿಸಿದರೆ ಒಂದು ಭಾಗ 2.69 ಘನಮೀಟರ್; ಇದು ಸಿಮೆಂಟಿನ ಪಾಲು. ಒಂದು ಘನಮೀಟರ್ ಸಿಮೆಂಟು 1,440 ಕಿಲೋ ತೂಗುತ್ತದೆ. ಹೀಗಾಗಿ 50 ಕಿಲೋದ 78 ಚೀಲ ಬೇಕು. ಹೊಯಿಗೆ ಸುಮಾರು 4 ಘನಮೀಟರ್, ಜಲ್ಲಿ ಸುಮಾರು 8 ಘನಮೀಟರ್; ಘನ ಅಡಿಗಳಲ್ಲಿ ಕ್ರಮವಾಗಿ 142 ಮತ್ತು 285. ಇದೇ ತಾರಸಿಯನ್ನು 1:2:4ರಲ್ಲಿ ಹೊಯ್ದರೆ ಸಿಮೆಂಟು 61 ಚೀಲಕ್ಕೆ ಇಳಿಯುತ್ತದೆ. 17 ಚೀಲ ಉಳಿಯಿತೆಂಬ ಸಮಾಧಾನಕ್ಕೆ ತೆರುವ ಬೆಲೆ ಒಂದು ಇಡೀ ದರ್ಜೆಯ ಬಲ.

ಕೆಲಸದ ಜಾಗದಲ್ಲಿ ಬುಟ್ಟಿಯ ಅಳತೆ ನಂಬಲರ್ಹವಲ್ಲ. ಒಂದು ಚೀಲ ಸಿಮೆಂಟಿನ ಗಾತ್ರ ಸುಮಾರು 35 ಲೀಟರ್. ಒಳ ಅಳತೆ 40, 35, 25 ಸೆಂಟಿಮೀಟರ್ ಇರುವ ಮರದ ಪೆಟ್ಟಿಗೆಯೊಂದನ್ನು ಮಾಡಿಸಿದರೆ ಸರಿಯಾಗಿ 35 ಲೀಟರ್ ಹಿಡಿಯುತ್ತದೆ. ಚೀಲಕ್ಕೆ ಒಂದೂವರೆ ಪೆಟ್ಟಿಗೆ ಹೊಯಿಗೆ, ಮೂರು ಪೆಟ್ಟಿಗೆ ಜಲ್ಲಿ. ಆದರೆ ತೇವದ ಹೊಯಿಗೆ ಉಬ್ಬುತ್ತದೆಂಬುದನ್ನು ಮರೆಯಬಾರದು. ಕಣಗಳ ಸುತ್ತ ಕಟ್ಟಿದ ನೀರಿನ ಪೊರೆ ಅವುಗಳನ್ನು ದೂರ ತಳ್ಳುವುದರಿಂದ ಗಾತ್ರ ನೂರಕ್ಕೆ 25ರಷ್ಟು ಹೆಚ್ಚಾಗಿ ಕಾಣಬಹುದು. ಮಕ್ಕಳೇ ಇದನ್ನು ಪರೀಕ್ಷಿಸಬಹುದು: ಗಾಜಿನ ಪಾತ್ರೆಯಲ್ಲಿ ತೇವದ ಹೊಯಿಗೆಯನ್ನು 20 ಸೆಂಟಿಮೀಟರ್ ಎತ್ತರಕ್ಕೆ ಸಡಿಲವಾಗಿ ತುಂಬಿರಿ. ಬಳಿಕ ನೀರು ಹೊಯ್ದು ಕಲಕಿ ಮುಳುಗಿಸಿರಿ. ಮಟ್ಟ 16ಕ್ಕೆ ಇಳಿದರೆ ಉಬ್ಬು ನೂರಕ್ಕೆ 25. ಆಗ ಪೆಟ್ಟಿಗೆಯ ಲೆಕ್ಕದಲ್ಲಿ ಹೊಯಿಗೆಯನ್ನು ಅಷ್ಟೇ ಹೆಚ್ಚಿಸಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಹೆಚ್ಚುವರಿ ನೀರು. ಸಿಮೆಂಟಿಗೆ ನೀರು ಹೆಚ್ಚಿದಷ್ಟೂ ಕಾಂಕ್ರೀಟಿನ ಬಲ ಕುಗ್ಗುತ್ತದೆಂಬ ನಿಯಮವನ್ನು ಅಮೆರಿಕದ ಡಫ್ ಏಬ್ರಮ್ಸ್ 1918ರಲ್ಲಿ ಪ್ರಕಟಿಸಿದರು. ಸಿಮೆಂಟು ಗಟ್ಟಿಯಾಗಲು ರಾಸಾಯನಿಕವಾಗಿ ಬೇಕಾದುದು ಅದರ ತೂಕದ ಸುಮಾರು ಕಾಲು ಭಾಗ ನೀರು ಮಾತ್ರ. ಮಿಕ್ಕದ್ದು ಕಲಸುವ ಅನುಕೂಲಕ್ಕೆ. ಅದು ಆರಿದ ಮೇಲೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ. ಎಂ20 ತಾರಸಿಗೆ ನೀರು-ಸಿಮೆಂಟಿನ ಅನುಪಾತ 0.55ನ್ನು ಮೀರಬಾರದು; ಅಂದರೆ ಚೀಲಕ್ಕೆ ಇಪ್ಪತ್ತೇಳೂವರೆ ಲೀಟರ್. ಹೊಯಿಗೆಯಲ್ಲೇ ನೂರಕ್ಕೆ ಐದರಷ್ಟು ತೇವವಿದ್ದರೆ ಚೀಲವೊಂದರ ಪಾಲಿಗೆ ಸುಮಾರು 4 ಲೀಟರ್ ನೀರು ಮೊದಲೇ ಸೇರಿರುತ್ತದೆ, ಅದನ್ನು ಕಳೆಯಬೇಕು.

ಕಾಸರಗೋಡಿನ ಕಡಲ ಅಂಚಿನವರಿಗೆ ಇನ್ನೊಂದು ಮಾತಿದೆ. ಉಪ್ಪುಗಾಳಿ ರಂಧ್ರಗಳ ಮೂಲಕ ಇಳಿದು ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಸೀಳಿ, ತಾರಸಿಯ ತಳ ಹೊಪ್ಪಳಿಕೆ ಹೊಪ್ಪಳಿಕೆಯಾಗಿ ಉದುರುತ್ತದೆ. ಆದುದರಿಂದಲೇ ಕರಾವಳಿಯ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿಗೆ ಸಂಹಿತೆ ಕನಿಷ್ಠ ಎಂ30 ದರ್ಜೆ, ಘನಮೀಟರಿಗೆ 320 ಕಿಲೋ ಸಿಮೆಂಟು, 0.45ರ ನೀರಿನ ಮಿತಿ ವಿಧಿಸುತ್ತದೆ. ಉಪ್ಪುಗಾಳಿಯ ನೇರ ಹೊಡೆತದಿಂದ ಮರೆಯಾದ ಭಾಗಗಳಿಗೂ ಎಂ25 ಬೇಕು.

ಈ ದರ್ಜೆಗಳಿಗೆ ಬಾಯಿಲೆಕ್ಕದ ಅನುಪಾತವಿಲ್ಲ. ಎಂ20ರಾಚೆ ವಿನ್ಯಾಸ ಮಿಶ್ರಣವೇ ಬೇಕು: ಸಿಕ್ಕುವ ಹೊಯಿಗೆ, ಜಲ್ಲಿ, ಸಿಮೆಂಟುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ತೂಕದಲ್ಲಿ ನಿರ್ಧರಿಸುವ ಮಿಶ್ರಣ. ಕೆಲಸದಲ್ಲಿ ಏರುಪೇರು ಸಹಜವಾದುದರಿಂದ ಗುರಿಯನ್ನೂ ಎತ್ತರದಲ್ಲಿಡುತ್ತಾರೆ. ಎಂ30ಕ್ಕೆ ವ್ಯತ್ಯಾಸದ ಅಂದಾಜು 5, ಅದನ್ನು 1.65ರಿಂದ ಗುಣಿಸಿ 30ಕ್ಕೆ ಕೂಡಿದರೆ 38.25. ಇಷ್ಟು ಬಲಕ್ಕೆ ಗುರಿಯಿಟ್ಟರೆ ನೂರರಲ್ಲಿ ಐದಕ್ಕಿಂತ ಹೆಚ್ಚು ಫಲಿತಾಂಶಗಳು 30ಕ್ಕಿಂತ ಕೆಳಗಿಳಿಯಲಾರವು.

ಮನೆಯೊಡೆಯರು ಕೇಳಿ ಪಡೆಯಬೇಕಾದವು ಮೂರು. ಮೊದಲನೆಯದು, ಇಂಜಿನಿಯರರ ಸಹಿಯುಳ್ಳ ಮಿಶ್ರಣದ ಪತ್ರ. ಎರಡನೆಯದು, ಘನ ಪರೀಕ್ಷೆಯ ವರದಿ, ಮೇಲಿನ 9.6 ಘನಮೀಟರಿನ ತಾರಸಿಗೆ ಎರಡು ಮಾದರಿ, ಮಾದರಿಗೆ ಮೂರರಂತೆ ಆರು ಘನಗಳು ಬೇಕು. ಮೂರನೆಯದು, ನೀರುಣಿಸುವ ದಿನಗಳ ಲೆಕ್ಕ. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆತ ಸಿಮೆಂಟಿಗೆ 10 ದಿನ. ಬೇಸಗೆಯ ಬಿಸಿಲಿನಲ್ಲಿ 10 ಮತ್ತು 14. ಈ ದಿನಗಳನ್ನು ಗೋಡೆಯ ಮೇಲೆ ಬರೆದು ಗುರುತು ಹಾಕುವ ಕೆಲಸವನ್ನು ಮನೆಯ ಮಕ್ಕಳಿಗೇ ವಹಿಸಬಹುದು. ಪೆಟ್ಟಿಗೆಯ ಅಳತೆಯನ್ನೂ ನೀರಿನ ಲೀಟರನ್ನೂ ಎಣಿಸಲು ಅವರ ಪಾಠಪುಸ್ತಕದ ಗಣಿತ ಧಾರಾಳ ಸಾಕು.