ಸೀಳಿ ಅಂಟಿಸಿದ ಮರ

ರೈಫಲ್ ಎಂದರೆ ಎಲ್ಲರ ಕಣ್ಣು ಹೋಗುವುದು ಉಕ್ಕಿನ ನಳಿಗೆಯ ಮೇಲೆ. ಗುರಿಕಾರರಿಗೆ ತಲೆನೋವು ತರುವುದು ಮಾತ್ರ ಹೆಚ್ಚಾಗಿ ಮರವೇ. ನಳಿಗೆಯನ್ನು ಹೊತ್ತು ನಿಲ್ಲುವ, ಹೆಗಲಿಗೆ ಒತ್ತಿಕೊಳ್ಳುವ ಭಾಗವೇ ಸ್ಟಾಕ್. ಗುಂಡು ಹೊರಡುವಾಗ ನಳಿಗೆ ಕಂಪಿಸುತ್ತದೆ. ಪ್ರತಿ ಸಲವೂ ಒಂದೇ ರೀತಿ ಕಂಪಿಸಿದರೆ ಗುಂಡುಗಳು ಒಂದೇ ಜಾಗದ ಸುತ್ತ ಬೀಳುತ್ತವೆ. ಮರ ಎಲ್ಲೋ ಒಂದು ಕಡೆ ತಾಗಿದರೆ ಲಯ ಕೆಡುತ್ತದೆ. ಅದಕ್ಕೇ ನಳಿಗೆಗೂ ಮರಕ್ಕೂ ನಡುವೆ ಒಂದು, ಒಂದೂವರೆ ಮಿಲಿಮೀಟರ್ ಸಂದು ಬಿಡುತ್ತಾರೆ. ಆ ಸಂದಿಗೆ ಒಂದು ಡಾಲರ್ ನೋಟು ತೂರಿಸಿ ಉದ್ದಕ್ಕೂ ಎಳೆದು ನೋಡುವುದು ಅಮೆರಿಕದ ಬೇಟೆಗಾರರ ಹಳೆಯ ಪರೀಕ್ಷೆ. ಒಣ ಹವೆಯಲ್ಲಿ ಸಲೀಸಾಗಿ ಜಾರಿದ ನೋಟು ತೇವದ ದಿನಗಳಲ್ಲಿ ಅರ್ಧದಲ್ಲೇ ಸಿಕ್ಕಿಕೊಳ್ಳುವುದುಂಟು.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಗುವುದಕ್ಕೂ ಇದಕ್ಕೂ ಕಾರಣ ಒಂದೇ. ಮರದ ಜೀವಕೋಶಗಳ ಗೋಡೆ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಸ್ಟಾಕ್‌ಗಳಿಗೆ ಬಲು ಮೆಚ್ಚಿನದಾದ ಅಮೆರಿಕದ ಕಪ್ಪು ಅಕ್ರೋಟ್ ಮರ ಹಸಿಯಿಂದ ಪೂರ್ತಿ ಒಣಗುವ ಹೊತ್ತಿಗೆ ವಾರ್ಷಿಕ ಉಂಗುರಗಳ ಗುಂಟ ಶೇ 7.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಶೇ 5.5ರಷ್ಟು ಕುಗ್ಗುತ್ತದೆ. ಉದ್ದದಲ್ಲಿ ಸಾಮಾನ್ಯವಾಗಿ ಶೇ 0.1ರಿಂದ 0.2 ಮಾತ್ರ.

ಉದ್ದದ ಈ ಅಂಕಿ ನಗಣ್ಯ ಅನ್ನಿಸುತ್ತದಲ್ಲವೇ? ಕಿತಾಪತಿ ಇರುವುದು ಇಲ್ಲೇ. ಅಗಲ ಹಿಗ್ಗಿದರೆ ನಳಿಗೆ ಮಲಗಿರುವ ತೋಡೂ ಜೊತೆಯಲ್ಲಿ ಹಿಗ್ಗುತ್ತದೆ, ದೊಡ್ಡ ಅಪಾಯವಿಲ್ಲ. ಆದರೆ ನಾರು ಓರೆಯಾಗಿ ಹಾಯ್ದಿರುವ ತುಂಡಿನಲ್ಲಿ ಒಂದು ಮಗ್ಗುಲು ಇನ್ನೊಂದಕ್ಕಿಂತ ತುಸು ಹೆಚ್ಚು ಉದ್ದವಾಗಿಬಿಡಬಹುದು. 40 ಮಿ.ಮೀ. ದಪ್ಪದ, 300 ಮಿ.ಮೀ. ಉದ್ದದ ಮುಂಭಾಗ ಎಂದಿಟ್ಟುಕೊಳ್ಳಿ. ಎರಡು ಮಗ್ಗುಲುಗಳ ನಡುವೆ ಸಾವಿರಕ್ಕೆ ಒಂದು ಪಾಲು, ಅಂದರೆ 0.3 ಮಿ.ಮೀ. ವ್ಯತ್ಯಾಸ ಬಂದರೂ ತುದಿ 1.1 ಮಿ.ಮೀ. ಬಾಗುತ್ತದೆ. ಬಿಟ್ಟಿದ್ದ ಸಂದು ಅಷ್ಟಕ್ಕೇ ಮುಗಿಯಿತು.

ಮರದ ಈ ಹಟವನ್ನು ಮುರಿಯಲು ಅದನ್ನು ಸೀಳಿ, ತೆಳು ಹಲಗೆಗಳನ್ನು ಮತ್ತೆ ಅಂಟಿಸುವುದೇ ಉಪಾಯ. ಒಂದು ಪದರ ಎಡಕ್ಕೆ ಬಾಗಬಯಸಿದರೆ ಪಕ್ಕದ್ದು ಬಲಕ್ಕೆ ಎಳೆಯುತ್ತದೆ. ಒಂದರಲ್ಲಿ ಗಂಟಿದ್ದರೆ ಆ ದೌರ್ಬಲ್ಯ ಆ ಪದರಕ್ಕಷ್ಟೇ ಸೀಮಿತ. ಪ್ಲೈವುಡ್‌ನಲ್ಲಿ ಪದರಗಳನ್ನು ಅಡ್ಡಡ್ಡ ಜೋಡಿಸುತ್ತಾರೆ. ಸ್ಟಾಕ್‌ನಲ್ಲಿ ಹಾಗಲ್ಲ, ಎಲ್ಲ ಪದರಗಳ ನಾರೂ ಉದ್ದಕ್ಕೇ ಇರಬೇಕು. ಕೈ ಹಿಡಿಯುವ ಸಣ್ಣ ಕತ್ತಿನಂಥ ಜಾಗದಲ್ಲಿ ನಾರು ಅಡ್ಡ ಬಂದರೆ ಅಲ್ಲಿಯೇ ಮುರಿಯುತ್ತದೆ.

ಇದು ಹೊಸದೇನಲ್ಲ. ಜರ್ಮನಿಯ ಓಟೊ ಹೆಟ್ಜರ್ ಹಲಗೆಗಳನ್ನು ಅಂಟಿಸಿ ಬಾಗಿದ ತೊಲೆ ಮಾಡುವ ವಿಧಾನಕ್ಕೆ 1906ರಲ್ಲೇ ಪೇಟೆಂಟ್ ಪಡೆದಿದ್ದ. 1930ರ ದಶಕದ ಕೊನೆಯ ಹೊತ್ತಿಗೆ ಜರ್ಮನ್ ಸೈನ್ಯದ 98ಕೆ ರೈಫಲ್‌ಗಳಿಗೆ ಬೀಚ್ ಮರದ ಪದರಗಳ ಸ್ಟಾಕ್ ಬಂತು. ಒಳ್ಳೆಯ ಅಕ್ರೋಟ್ ದಿಮ್ಮಿ ನಿಧಾನವಾಗಿ ಒಣಗಲು ವರ್ಷಗಳೇ ಬೇಕು. ತೆಳು ಪದರ ಬೇಗ ಒಣಗುತ್ತದೆ. ಎರಡನೇ ಮಹಾಯುದ್ಧಕ್ಕೆ ಕಾಯುವ ವ್ಯವಧಾನ ಇರಲಿಲ್ಲ. ಅಂಟು ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನೂ ಅದೇ ಯುದ್ಧ ತೋರಿಸಿತು. ಟೆಗೊ ಫಿಲ್ಮ್ ಎಂಬ ಫಿನಾಲಿಕ್ ಅಂಟಿನ ಕಾರ್ಖಾನೆ ಬಾಂಬಿಗೆ ಸಿಕ್ಕ ಮೇಲೆ ಜರ್ಮನ್ನರು ವಿಮಾನಗಳಿಗೆ ಬದಲಿ ಅಂಟು ಬಳಸಿದರು. ಅದರ ಆಮ್ಲ ಮರವನ್ನೇ ತಿನ್ನುತ್ತಿತ್ತು. 1944ರ ಡಿಸೆಂಬರ್ 10ರಂದು ಹೈಂಕೆಲ್ 162 ಜೆಟ್ ವಿಮಾನದ ಮರದ ರೆಕ್ಕೆ ಹಾರಾಟದಲ್ಲೇ ಬಿಚ್ಚಿಕೊಂಡು ಪೈಲಟ್ ಸತ್ತ.

ಇಂದು ಕಾರ್ಖಾನೆಗಳಲ್ಲಿ ಬಣ್ಣ ಹೀರಿಸಿದ ಬರ್ಚ್ ಪದರಗಳನ್ನು, ಒಂದೊಂದೂ ಸುಮಾರು ಒಂದೂವರೆ ಮಿ.ಮೀ., ಬಿಸಿ ಮತ್ತು ಒತ್ತಡದಲ್ಲಿ ಬೆಸೆಯುತ್ತಾರೆ. ಅಮೆರಿಕದ ಹವ್ಯಾಸಿಗಳು ಮನೆಯ ಶೆಡ್ಡಿನಲ್ಲಿ ಮಾಡುವುದು ಇದರ ಸರಳ ರೂಪ: ಆರು ಮಿ.ಮೀ. ದಪ್ಪದ ಅಕ್ರೋಟ್, ಮೇಪಲ್ ಹಲಗೆಗಳು ಒಂಬತ್ತೋ ಹತ್ತೋ, ಒಂದಿಷ್ಟು ಎಪಾಕ್ಸಿ ಅಂಟು, ಇದ್ದಬದ್ದ ಕ್ಲಾಂಪುಗಳೆಲ್ಲ. (ನಮ್ಮಲ್ಲಿ ಇದನ್ನು ಓದಿ ಉಳಿ ಹಿಡಿಯುವ ಮುನ್ನ ನೆನಪಿರಲಿ: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಆಯುಧದ ಬಿಡಿಭಾಗವೂ ಆಯುಧವೇ.)

ನೋಡಲು ಸುಲಭ. ನಾಜೂಕಿರುವುದು ಅಂಟುವ ಮೇಲ್ಮೈಯಲ್ಲಿ. ಉಜ್ಜುಗೊರಡು ಹೊಡೆದ ಮರ ಹಳೆಯದಾದಷ್ಟೂ ಅದರ ಮೈಯಲ್ಲಿ ಎಣ್ಣೆಯಂಶ ಮೇಲೆದ್ದು ಅಂಟು ಹರಡಲು ಬಿಡುವುದಿಲ್ಲ. ಹೆರೆದ ದಿನವೇ ಅಂಟಿಸಿದರೆ ಒಳ್ಳೆಯದು. ತೇಗ, ಬೀಟೆಯಂಥ ಜಿಡ್ಡಿನ ಮರಗಳನ್ನು ಅಸಿಟೋನ್ ಹಚ್ಚಿ ಒರೆಸಲೇಬೇಕು. ಆಮೇಲಿನ ತಪ್ಪು ಕ್ಲಾಂಪಿನದು. ಬಡಗಿಗಳ ಬಿಳಿ ಅಂಟಿಗೆ ಬಲವಾದ ಒತ್ತಡ ಬೇಕು. ಅದೇ ಅಭ್ಯಾಸದಲ್ಲಿ ಎಪಾಕ್ಸಿಯನ್ನೂ ಬಿಗಿದರೆ ಅಂಟೆಲ್ಲ ಅಂಚಿನಿಂದ ಹಿಂಡಿ ಹೊರಬಂದು ಒಳಗೆ ಬರಿಯ ಮರಕ್ಕೆ ಮರ ತಾಗಿರುತ್ತದೆ. ಒದ್ದೆ ಪದರಗಳು ಕ್ಲಾಂಪ್ ತಿರುಗಿಸುತ್ತಿದ್ದಂತೆ ಸಾಬೂನಿನ ಹಾಗೆ ಅತ್ತಿತ್ತ ಜಾರುತ್ತವೆ. ಕೆತ್ತಿ ಬಿಸಾಡುವ ಮೂಲೆಗಳಲ್ಲಿ ಮೊದಲೇ ತೂತು ಕೊರೆದು ಎರಡು ಮರದ ಬೆಣೆ ಹೊಡೆದಿದ್ದರೆ ಈ ಪೇಚಾಟ ಇಲ್ಲ. ಅಂಟು ಹಿಡಿದಿದೆಯೇ ಎಂದು ತಿಳಿಯಲು ಉಳಿದ ಚೂರೊಂದರ ಬೆಸುಗೆಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಬೇಕು. ಸೀಳಿದ ಎರಡೂ ಮುಖಗಳಲ್ಲಿ ಮರದ ನಾರು ಹರಿದು ಎದ್ದಿದ್ದರೆ ಸರಿ. ಗಾಜಿನಂತೆ ನುಣುಪಾಗಿ ಬಿಟ್ಟುಕೊಂಡರೆ ಇಡೀ ದಿಮ್ಮಿ ಒಲೆಗೆ.

ಪದರದ ಸ್ಟಾಕ್‌ಗೆ ನೀರೇ ತಾಕದು ಎಂಬ ಜಾಹೀರಾತಿನ ಧಾಟಿಯ ಮಾತನ್ನು ಮಾತ್ರ ನಂಬಬೇಕಿಲ್ಲ. ಅಂಟಿನ ಗೆರೆಗಳ ನಡುವೆ ಇರುವುದು ಅದೇ ಮರ. ಹಿಗ್ಗುವುದನ್ನು ಅದು ಬಿಟ್ಟಿಲ್ಲ, ಸೊಟ್ಟಗಾಗುವುದನ್ನು ಬಿಟ್ಟಿದೆ ಅಷ್ಟೇ. ಬದಲಿಗೆ ತೂಕ ಹೆಚ್ಚು. ದಿನವಿಡೀ ಬೆಟ್ಟ ಹತ್ತುವವನಿಗೆ ಅದು ಹೊರೆ, ಗುರಿ ಅಭ್ಯಾಸದ ಮೈದಾನದಲ್ಲಿ ಮಲಗಿ ಹೊಡೆಯುವವನಿಗೆ ವರ. ಮರ ಹಿಗ್ಗುವುದನ್ನು ಬಿಡದ ಕಾರಣ ಮೇಲಿನ ಲೇಪ ಇಲ್ಲಿಯೂ ಬೇಕು. ಹೊರಮೈಗೆ ಹತ್ತು ಕೋಟು ವಾರ್ನಿಷ್ ಕೊಟ್ಟು ಮಿಂಚಿಸುವವರು ನಳಿಗೆಯ ತೋಡಿನ ಒಳಮೈಯನ್ನೂ, ಹೆಗಲಿಗೆ ತಾಗುವ ರಬ್ಬರ್ ಪಟ್ಟಿಯ ಅಡಿಯ ಕೊಯ್ದ ತುದಿಯನ್ನೂ ಹಾಗೇ ಬಿಡುತ್ತಾರೆ. ಕೊಯ್ದ ತುದಿಯಲ್ಲಿ ನಾರಿನ ಕೊಳವೆಗಳ ಬಾಯಿ ತೆರೆದಿರುತ್ತದೆ. ತೇವ ಒಳಗೆ ನುಗ್ಗುವುದು ಅಲ್ಲಿಂದಲೇ ಹೆಚ್ಚು.