ಹಾವು ಕಚ್ಚಿದವರ ಚಿಕಿತ್ಸೆ: ಮೊದಲ ಇಪ್ಪತ್ತು ನಿಮಿಷಗಳು

ನಂದಗುಡಿಯು ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಸುತ್ತಲೂ ರಾಗಿಯ ಹೊಲಗಳು, ಹಿಪ್ಪುನೇರಳೆಯ ತೋಟಗಳು. ಧಾನ್ಯವಿದ್ದಲ್ಲಿಗೆ ಇಲಿ ಬರುತ್ತದೆ. ಇಲಿಯನ್ನು ಅರಸಿಕೊಂಡು ಹಾವು ಬರುತ್ತದೆ. ಆದುದರಿಂದ ಇಂತಹ ಊರಿನ ಆಸ್ಪತ್ರೆಯಲ್ಲಿ ತುರ್ತು ಚಿಕಿತ್ಸೆಯ ಹೊಣೆ ಹೊತ್ತ ವೈದ್ಯರು ಹಾವು ಕಚ್ಚಿದ ರೋಗಿಯನ್ನು ಎಂದಾದರೊಂದು ದಿನ ಎದುರಿಸಲೇಬೇಕು. ಚಿಕಿತ್ಸೆಯನ್ನು ಇಲ್ಲಿಯೇ ಆರಂಭಿಸಬೇಕೆ, ಇಲ್ಲವೆ ರೋಗಿಯನ್ನು ಹೊಸಕೋಟೆಗೋ ಬೆಂಗಳೂರಿಗೋ ಸಾಗಿಸಬೇಕೆ ಎಂಬ ಪ್ರಶ್ನೆ ಆಗ ಏಳುತ್ತದೆ. ರೋಗಿಯ ಅಳಿವು ಉಳಿವು ಅನೇಕ ವೇಳೆ ಇದರ ಉತ್ತರವನ್ನೇ ಅವಲಂಬಿಸಿರುತ್ತದೆ.

ಇದು ಅಲ್ಪ ವಿಷಯವಲ್ಲ. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ, ಎಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವಿನ ಕಡಿತದಿಂದ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಹಳ್ಳಿಗರು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ಕಚ್ಚಿದ ಹಾವುಗಳೆಲ್ಲ ವಿಷದ ಹಾವುಗಳಲ್ಲ. ವಿಷದ ಹಾವು ಕೂಡ ಕಚ್ಚಿದಾಗಲೆಲ್ಲ ವಿಷವನ್ನು ಬಿಡುವುದಿಲ್ಲ. ಇತ್ತ ಪ್ರತಿವಿಷವು ಕುದುರೆಯ ರಕ್ತದಿಂದ ತಯಾರಾಗುವ ವಸ್ತುವಾದುದರಿಂದ ಕೆಲವರ ದೇಹಕ್ಕೆ ಒಗ್ಗದೆ ಅಪಾಯವನ್ನು ತರಬಹುದು. ಹೀಗಾಗಿ ಬಂದವರಿಗೆಲ್ಲ ಅದನ್ನು ಚುಚ್ಚುವಂತಿಲ್ಲ. ವಿಷವು ಮೈಗೆ ಏರಿದೆಯೇ ಎಂಬುದನ್ನು ಮೊದಲು ನಿರ್ಧರಿಸಬೇಕು.

ನಮ್ಮ ಬಯಲುಸೀಮೆಯಲ್ಲಿ ಹೆಚ್ಚಾಗಿ ಭಯಪಡಬೇಕಾದ ಹಾವುಗಳು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲ. ಮಂಡಲದ ಹಾವುಗಳ ವಿಷವು ಮುಖ್ಯವಾಗಿ ರಕ್ತವನ್ನು ಕೆಡಿಸುತ್ತದೆ. ಉಳಿದೆರಡರ ವಿಷವು ನರಗಳ ಆಜ್ಞೆ ಸ್ನಾಯುಗಳಿಗೆ ಮುಟ್ಟದಂತೆ ತಡೆಯುತ್ತದೆ. ಭಾರತದಲ್ಲಿ ದೊರೆಯುವ ಪ್ರತಿವಿಷವು ಈ ನಾಲ್ಕಕ್ಕೂ ಒಂದೇ. ಆದುದರಿಂದ ಹಾವನ್ನು ಕೊಂದು ತರಬೇಕಾದ ಅಗತ್ಯವಿಲ್ಲ.

ರಕ್ತ ಕೆಟ್ಟಿದೆಯೇ ಎಂದು ತಿಳಿಯಲು ದೊಡ್ಡ ಪ್ರಯೋಗಾಲಯವೇನೂ ಬೇಕಾಗಿಲ್ಲ. ರೋಗಿಯ ರಕ್ತನಾಳದಿಂದ 2 ಮಿಲಿಲೀಟರ್ ರಕ್ತವನ್ನು ತೆಗೆದು, ಒಣಗಿದ ಹೊಸ ಗಾಜಿನ ಪ್ರನಾಳದಲ್ಲಿ ಹಾಕಿ, 20 ನಿಮಿಷಗಳ ಕಾಲ ಅಲುಗಿಸದೆ ಇಡಬೇಕು. ಅನಂತರ ಒಮ್ಮೆ ಓರೆ ಮಾಡಿ ನೋಡಬೇಕು. ರಕ್ತ ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ವಿಷ ಏರಿದೆಯೆಂದೇ ತಿಳಿದು ಪ್ರತಿವಿಷವನ್ನು ಕೊಡತಕ್ಕದ್ದು. ಗಾಜಿನ ಮೈ ಸೋಂಕಿದರೆ ರಕ್ತ ಬೇಗನೆ ಹೆಪ್ಪುಗಟ್ಟಲು ತೊಡಗುತ್ತದೆ; ಪ್ಲಾಸ್ಟಿಕ್ಕಿನಲ್ಲಾಗಲಿ ಮಾರ್ಜಕದಿಂದ ತೊಳೆದ ಪ್ರನಾಳದಲ್ಲಾಗಲಿ ಈ ಕ್ರಿಯೆ ಸರಿಯಾಗಿ ನಡೆಯದು, ಪರೀಕ್ಷೆ ಸುಳ್ಳು ಹೇಳುತ್ತದೆ. ಮೊದಲ ಬಾರಿ ಹೆಪ್ಪುಗಟ್ಟಿದರೂ ನಿಶ್ಚಿಂತರಾಗಕೂಡದು. ವಿಷ ನಿಧಾನವಾಗಿ ಏರಬಹುದಾದುದರಿಂದ ಮೂರು ಗಂಟೆಗಳವರೆಗೆ ಅರ್ಧ ಗಂಟೆಗೊಮ್ಮೆ, ಆಮೇಲೆ ಗಂಟೆಗೊಮ್ಮೆ ಪರೀಕ್ಷಿಸುತ್ತ, ರೋಗಿಯನ್ನು 24 ಗಂಟೆಗಳ ಕಾಲ ಕಣ್ಗಾವಲಿನಲ್ಲಿ ಇರಿಸಿಕೊಳ್ಳಬೇಕು.

ನರಗಳಿಗೆ ತಗಲುವ ವಿಷವನ್ನು ಈ ಪರೀಕ್ಷೆ ತೋರಿಸದು. ಅದನ್ನು ರೋಗಿಯ ಮುಖದಲ್ಲಿಯೇ ಓದಬೇಕು. ರೆಪ್ಪೆಗಳು ಜೋಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಉಗುಳು ನುಂಗಲಾರದಿರುವುದು ಇದರ ಲಕ್ಷಣಗಳು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವಿಲ್ಲ, ಬಾವಿಲ್ಲ, ಕೆಲವೊಮ್ಮೆ ಗಾಯದ ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆಗಳು ಜೋಲುತ್ತಿದ್ದರೆ, ಹಾವಿನ ಮಾತನ್ನು ಯಾರೂ ಎತ್ತದಿದ್ದರೂ ವೈದ್ಯರು ಅದನ್ನು ಶಂಕಿಸಬೇಕು. ಇಂತಹವರಿಗೆ ನಿಯೋಸ್ಟಿಗ್ಮಿನ್ ಔಷಧವನ್ನು ಅಟ್ರೋಪಿನ್ ಜೊತೆಗೆ ಕೊಟ್ಟು ನೋಡುವುದುಂಟು. ನಾಗರಹಾವಿನ ವಿಷದಲ್ಲಿ ಇದು ಫಲಕಾರಿ, ಕಟ್ಟುಹಾವಿನ ವಿಷದಲ್ಲಿ ಇದರ ಫಲ ಕಡಿಮೆ. ಉಸಿರು ಸೋಲತೊಡಗಿದರೆ ಕೈಯಿಂದ ಒತ್ತುವ ಉಸಿರುಚೀಲವೇ ಪ್ರಾಣವನ್ನು ಹಿಡಿದಿಡುವ ಸಾಧನ.

ಪ್ರತಿವಿಷದ ಮೊದಲ ಪ್ರಮಾಣ ಸಾಮಾನ್ಯವಾಗಿ 8ರಿಂದ 10 ಸೀಸೆಗಳು. ಅದನ್ನು ಲವಣದ್ರಾವಣದಲ್ಲಿ ಬೆರೆಸಿ, ಸುಮಾರು ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಕೊಡುತ್ತಾರೆ. ಮಗುವಾದರೂ ಪ್ರಮಾಣ ಅಷ್ಟೇ. ಕಚ್ಚುವ ಹಾವು ಮಗುವೆಂದು ವಿಷವನ್ನು ಕಡಿಮೆ ಮಾಡುವುದಿಲ್ಲವಷ್ಟೆ. ಚರ್ಮದಲ್ಲಿ ತುಸು ಚುಚ್ಚಿ ನೋಡುವ ಹಳೆಯ ಪರೀಕ್ಷೆಯು ಅಪಾಯವನ್ನು ಮುಂದಾಗಿ ತಿಳಿಸಲಾರದೆಂದು ಕಂಡುಬಂದಿರುವುದರಿಂದ ಅದನ್ನು ಬಿಡಲಾಗಿದೆ. ಅದಕ್ಕೆ ಬದಲಾಗಿ ಅಡ್ರಿನಲಿನ್ ಅನ್ನು ಸಿರಿಂಜಿನಲ್ಲಿ ತುಂಬಿ ಮಗ್ಗುಲಲ್ಲಿಯೇ ಇಟ್ಟುಕೊಂಡಿರಬೇಕು. ಮೈ ತುರಿಸಿದರೆ, ದದ್ದು ಎದ್ದರೆ, ಉಸಿರು ಕಟ್ಟಿದರೆ ಪ್ರತಿವಿಷವನ್ನು ಕೂಡಲೆ ನಿಲ್ಲಿಸಿ, ವಯಸ್ಕರಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಅನ್ನು ತೊಡೆಯ ಸ್ನಾಯುವಿಗೆ ಕೊಟ್ಟು, ಉಪದ್ರವ ಅಡಗಿದ ಮೇಲೆ ಮತ್ತೆ ಮುಂದುವರಿಸಬೇಕು. ರಕ್ತದ ಪರೀಕ್ಷೆಯನ್ನು ಆರು ಗಂಟೆಗಳ ಬಳಿಕ ಪುನಃ ಮಾಡುತ್ತಾರೆ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು.

ರೋಗಿಯ ಕೈಕಾಲಿಗೆ ಬಿಗಿಯಾದ ಕಟ್ಟು ಇದ್ದರೆ ಅದನ್ನು ಥಟ್ಟನೆ ಬಿಚ್ಚಬಾರದು. ತಡೆದು ನಿಂತ ವಿಷ ಒಮ್ಮೆಗೇ ಮೈಗೆ ನುಗ್ಗಬಹುದು. ಔಷಧಗಳನ್ನು ಸಿದ್ಧಪಡಿಸಿಕೊಂಡ ಮೇಲೆ ಮೆಲ್ಲನೆ ಸಡಿಲಿಸಬೇಕು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪ್ರತಿವಿಷವು ರಕ್ತದಲ್ಲಿ ಸಂಚರಿಸುವ ವಿಷವನ್ನು ಹಿಡಿಯುತ್ತದೆಯೇ ಹೊರತು, ವಿಷವು ಆಗಲೇ ಮಾಡಿದ ಹಾನಿಯನ್ನು ಸರಿಪಡಿಸಲಾರದು. ಆದುದರಿಂದ ವಿಷದ ಲಕ್ಷಣ ಕಂಡ ಮೇಲೆ, ಕೈಯಲ್ಲಿ ಪ್ರತಿವಿಷವಿದ್ದೂ ಅದನ್ನು ಕೊಡದೆ ರೋಗಿಯನ್ನು ಮುಂದಿನ ಊರಿಗೆ ಕಳುಹಿಸುವುದು ದಾರಿಯ ಹೊತ್ತನ್ನೆಲ್ಲ ವಿಷಕ್ಕೆ ಒಪ್ಪಿಸಿದಂತೆ. ಮೊದಲ ಪ್ರಮಾಣವನ್ನು ಇಲ್ಲಿಯೇ ಆರಂಭಿಸಿ, ಉಸಿರು ಸೋತವರನ್ನೂ ಮೂತ್ರ ಕಡಿಮೆಯಾದವರನ್ನೂ ಉಸಿರುಚೀಲ ಬಲ್ಲ ಸಹಾಯಕರೊಡನೆ ಕೃತಕ ಉಸಿರಾಟ ಹಾಗೂ ಡಯಾಲಿಸಿಸ್ ಸೌಕರ್ಯವುಳ್ಳ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕು. ಕೊಟ್ಟ ಔಷಧ, ಕೊಟ್ಟ ಹೊತ್ತು, ಪರೀಕ್ಷೆಯ ಫಲ ಇವನ್ನು ಚೀಟಿಯಲ್ಲಿ ಬರೆದು ಜೊತೆಗಿಡಬೇಕು.

ವಾಚಕರ ಪಾಲಿನ ಕೆಲಸವೂ ಉಂಟು. ಗಾಯವನ್ನು ಕೊಯ್ಯದೆ, ಚೀಪದೆ, ಕಟ್ಟು ಬಿಗಿಯದೆ, ಮಂತ್ರ ಹಾಕಿಸಲು ಹೊತ್ತು ಕಳೆಯದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ, ರೋಗಿಯನ್ನು ನಡೆಸದೆ, 108ರ ವಾಹನದಲ್ಲಿಯೋ ಸಿಕ್ಕಿದ ಬೇರೆ ವಾಹನದಲ್ಲಿಯೋ ಪ್ರತಿವಿಷವಿರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಹೋಬಳಿಯ ಆಸ್ಪತ್ರೆಯಲ್ಲಿ ಪ್ರತಿವಿಷವಿದೆಯೇ ಎಂದು ರಾಗಿಯ ಕೊಯ್ಲಿಗೆ ಮೊದಲೇ ವಿಚಾರಿಸಿಟ್ಟುಕೊಂಡರೆ ಇನ್ನೂ ಲೇಸು.