ಬೆಟ್ಟ ಇಳಿದ ಸೈಕಲ್ಲಿನ ಹಬ್‌ನಲ್ಲಿ ಹೊಗೆ ಬಂದದ್ದೇಕೆ?

ಮಕ್ಕಳೇ, ನಿಮ್ಮಲ್ಲಿ ಅನೇಕರು ಸೈಕಲ್ ತುಳಿಯುತ್ತೀರಿ. ಟೈರಿನಲ್ಲಿ ಗಾಳಿ ಕಡಿಮೆಯಾದರೆ ನಿಮಗೆ ತಕ್ಷಣ ತಿಳಿಯುತ್ತದೆ. ಚೈನು ಕಳಚಿದರೆ ನೀವೇ ಹಾಕಿಕೊಳ್ಳುತ್ತೀರಿ. ಆದರೆ ಚಕ್ರದ ನಟ್ಟನಡುವೆ, ಸ್ಪೋಕ್ ಕಡ್ಡಿಗಳೆಲ್ಲ ಬಂದು ಸೇರುವ ಜಾಗದಲ್ಲಿ ಒಂದು ಭಾಗವಿದೆ. ಅದರ ಒಳಗೆ ಏನಿದೆ ಎಂದು ಎಂದಾದರೂ ನೋಡಿದ್ದೀರಾ?

ಸೈಕಲ್ ಶಾಪಿನವರು ಅದನ್ನು ಹಬ್ ಎನ್ನುತ್ತಾರೆ. ಎತ್ತಿನ ಗಾಡಿಯ ಚಕ್ರದಲ್ಲಿ ಇದೇ ಭಾಗಕ್ಕೆ ಗುಂಬ ಎಂದು ಹೆಸರು. ನಿಮ್ಮ ಭಾರ, ಸೈಕಲ್ಲಿನ ಭಾರ, ಕ್ಯಾರಿಯರ್ ಮೇಲಿನ ಪುಸ್ತಕದ ಚೀಲದ ಭಾರ ಎಲ್ಲವೂ ಎರಡು ಹಬ್‌ಗಳ ಮೂಲಕವೇ ಚಕ್ರಗಳಿಗೆ ದಾಟುತ್ತದೆ. ಹಬ್‌ನ ಮಹತ್ವ ತಿಳಿಯಲು ನಾವು ಮೊದಲು ದೂರದ ಒಂದು ಬೆಟ್ಟಕ್ಕೆ ಹೋಗಿ ಬರೋಣ.

ರೀಪ್ಯಾಕ್ ಎಂಬ ಇಳಿಜಾರು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಉತ್ತರಕ್ಕೆ ಫೇರ್‌ಫ್ಯಾಕ್ಸ್ ಎಂಬ ಊರಿದೆ. ಅದರ ಹತ್ತಿರ ಬೆಟ್ಟದಿಂದ ಇಳಿಯುವ ಒಂದು ಮಣ್ಣಿನ ರಸ್ತೆ ಇದೆ. ಉದ್ದ ಸುಮಾರು 3.4 ಕಿಲೋಮೀಟರ್. ಅಷ್ಟರೊಳಗೆ ಆ ರಸ್ತೆ ಸುಮಾರು 400 ಮೀಟರ್ ಕೆಳಗಿಳಿಯುತ್ತದೆ. 1976ರ ಅಕ್ಟೋಬರ್ 21ರಂದು ಕೆಲವು ಯುವಕರು ಇಲ್ಲಿ ಸೈಕಲ್ಲಿನಲ್ಲಿ ಬೆಟ್ಟ ಇಳಿಯುವ ಪಂದ್ಯ ನಡೆಸಿದರು. ಆಗ ಬೆಟ್ಟಕ್ಕೆಂದೇ ತಯಾರಾದ ಸೈಕಲ್ಲುಗಳು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಅವರು 1930-40ರ ದಶಕದ ದಪ್ಪ ಟೈರಿನ ಹಳೆಯ, ಭಾರವಾದ ಸೈಕಲ್ಲುಗಳನ್ನು ಬಳಸುತ್ತಿದ್ದರು.

ಅಂತಹ ಸೈಕಲ್ಲುಗಳಲ್ಲಿ ಬ್ರೇಕ್ ಹಿಂದಿನ ಹಬ್‌ನ ಒಳಗೇ ಇರುತ್ತಿತ್ತು. ಪೆಡಲನ್ನು ಹಿಂದಕ್ಕೆ ತುಳಿದರೆ ಒಳಗಿನ ಲೋಹದ ಭಾಗಗಳು ಹಬ್‌ನ ಒಳಗೋಡೆಗೆ ಒತ್ತಿಕೊಂಡು ಚಕ್ರವನ್ನು ತಡೆಯುತ್ತಿದ್ದವು. ಇಳಿಜಾರಿನ ಉದ್ದಕ್ಕೂ ಹೀಗೆ ಬ್ರೇಕ್ ಹಾಕಿದರೆ ಕೆಳಗೆ ತಲುಪುವ ಹೊತ್ತಿಗೆ ಹಬ್ ಮುಟ್ಟಲಾಗದಷ್ಟು ಬಿಸಿ. ಒಳಗಿನ ಗ್ರೀಸ್ ಸುಟ್ಟು ಹೊಗೆಯಾಗಿ ಹೋಗುತ್ತಿತ್ತು. ಮತ್ತೊಮ್ಮೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹೀಗೆ ಮತ್ತೆ ತುಂಬುವುದನ್ನು ಇಂಗ್ಲಿಷಿನಲ್ಲಿ ರೀಪ್ಯಾಕ್ ಎನ್ನುತ್ತಾರೆ. ಆ ರಸ್ತೆಗೂ ಪಂದ್ಯಕ್ಕೂ ಅದೇ ಹೆಸರು ನಿಂತುಬಿಟ್ಟಿತು!

ಗ್ಯಾರಿ ಫಿಷರ್ ಎಂಬುವರು ಈ ಇಳಿಜಾರನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಅಲ್ಲಿನ ದಾಖಲೆ. ಅಂದರೆ ಸರಾಸರಿ ವೇಗ ಗಂಟೆಗೆ 45 ಕಿಲೋಮೀಟರಿಗಿಂತ ಹೆಚ್ಚು.

ಹೊಗೆಯ ಲೆಕ್ಕ

ಇಷ್ಟೊಂದು ಬಿಸಿ ಎಲ್ಲಿಂದ ಬಂತು? ಲೆಕ್ಕ ಮಾಡೋಣ. ಸವಾರ ಮತ್ತು ಸೈಕಲ್ ಸೇರಿ 80 ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಎತ್ತರದಲ್ಲಿರುವ ವಸ್ತುವಿನಲ್ಲಿ ಶಕ್ತಿ ಅಡಗಿರುತ್ತದೆ. 1 ಕಿಲೋಗ್ರಾಂ ವಸ್ತು 1 ಮೀಟರ್ ಕೆಳಗಿಳಿದರೆ ಸುಮಾರು 10 ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಹಾಗಾದರೆ:

80 × 10 × 400 = 3,20,000 ಜೂಲ್

1 ಲೀಟರ್ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲು ಬೇಕಾಗುವುದು ಸುಮಾರು 3,15,000 ಜೂಲ್. ನೋಡಿದಿರಾ? ಒಂದು ಸಲ ಬೆಟ್ಟ ಇಳಿದಾಗ ಬಿಡುಗಡೆಯಾಗುವ ಶಕ್ತಿ ಒಂದು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಲ್ಲದು. ಶಕ್ತಿ ನಾಶವಾಗುವುದಿಲ್ಲ, ರೂಪ ಬದಲಿಸುತ್ತದೆ. ಸವಾರ ಕೆಳಗೆ ಬಂದು ನಿಂತಾಗ ಅದೆಲ್ಲ ಉಷ್ಣವಾಗಿರುತ್ತದೆ. ಒಂದು ಪಾಲು ಗಾಳಿಗೆ, ಇನ್ನೊಂದು ಪಾಲು ಟೈರು ಮತ್ತು ನೆಲಕ್ಕೆ ಹೋಗುತ್ತದೆ. ಉಳಿದದ್ದು ಮುಷ್ಟಿಯಷ್ಟು ದೊಡ್ಡ ಹಬ್‌ನೊಳಗೆ! ಹೊಗೆ ಬರದೆ ಇರುತ್ತದೆಯೇ?

ಇಲ್ಲಿ ಒಂದು ವಿಷಯ ಗಮನಿಸಿ. ಆ ಹಬ್‌ಗೆ ಎರಡು ಕೆಲಸ ಕೊಟ್ಟಿದ್ದರು. ಒಂದು ಚಕ್ರವನ್ನು ಸರಾಗವಾಗಿ ತಿರುಗಿಸುವುದು. ಇದಕ್ಕೆ ಘರ್ಷಣೆ ಕಡಿಮೆ ಇರಬೇಕು. ಇನ್ನೊಂದು ಚಕ್ರವನ್ನು ತಡೆಯುವುದು. ಇದಕ್ಕೆ ಘರ್ಷಣೆ ಹೆಚ್ಚು ಬೇಕು. ಎರಡೂ ಒಂದೇ ಗೂಡಿನಲ್ಲಿದ್ದರೆ ತೊಂದರೆ ತಪ್ಪದು.

ಬೆಟ್ಟ ಇಳಿಯುವ ಪಂದ್ಯ ಮುಂದೆ ದೊಡ್ಡದಾಗಿ ಬೆಳೆಯಿತು. 1990ರಲ್ಲಿ ಅಮೆರಿಕದ ಡುರಾಂಗೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದಕ್ಕೂ ಸ್ಥಾನ ಸಿಕ್ಕಿತು. ಇಂದಿನ ಪಂದ್ಯದ ಸೈಕಲ್ಲುಗಳಲ್ಲಿ ಹಬ್‌ನ ಹೊರಗೆ ತೆಳುವಾದ ಉಕ್ಕಿನ ತಟ್ಟೆ ಜೋಡಿಸಿ, ಬ್ರೇಕನ್ನು ಅದಕ್ಕೆ ಹಾಕುತ್ತಾರೆ. ಬಿಸಿ ಗಾಳಿಗೆ ಹೋಗುತ್ತದೆ, ಒಳಗಿನ ಗ್ರೀಸ್ ತಣ್ಣಗಿರುತ್ತದೆ. ನಿಮ್ಮ ಸೈಕಲ್ಲಿನಲ್ಲಿ ಬ್ರೇಕಿನ ರಬ್ಬರ್ ರಿಮ್ಮಿಗೆ ಒತ್ತುವಂತಿದ್ದರೆ ಬಿಸಿಯಾಗುವುದು ರಿಮ್. ನಿಮ್ಮ ಹಬ್‌ಗೂ ತಿರುಗಿಸುವ ಕೆಲಸ ಮಾತ್ರ. ಅದನ್ನು ಹೇಗೆ ಮಾಡುತ್ತದೆ?

ಉಜ್ಜುವುದು ಬೇರೆ, ಉರುಳುವುದು ಬೇರೆ

ಒಂದು ಪ್ರಯೋಗ ಮಾಡಿ. ಡಬ್ಬಿಯ ಅಗಲವಾದ ಮುಚ್ಚಳ ತೆಗೆದುಕೊಳ್ಳಿ. ಅದರ ಅಂಚಿನ ಎತ್ತರ ಗೋಲಿಗಿಂತ ಕಡಿಮೆ ಇರಲಿ. ಮುಚ್ಚಳವನ್ನು ನೆಲದ ಮೇಲೆ ಕವುಚಿ, ಮೇಲೆ ನಾಲ್ಕು ಪುಸ್ತಕ ಇಟ್ಟು ತಿರುಗಿಸಿ. ಕಷ್ಟವಾಗುತ್ತದೆ. ಈಗ ಒಂದೇ ಗಾತ್ರದ ಹತ್ತು ಗೋಲಿಗಳ ಮೇಲೆ ಮುಚ್ಚಳ ಕವುಚಿ, ಅಷ್ಟೇ ಪುಸ್ತಕ ಇಟ್ಟು ತಿರುಗಿಸಿ. ಒಂದು ಬೆರಳು ಸಾಕು! ಉಜ್ಜುವ ಘರ್ಷಣೆಗಿಂತ ಉರುಳುವ ಘರ್ಷಣೆ ಬಹಳ ಕಡಿಮೆ.

ಹಳೆಯ ಎತ್ತಿನ ಗಾಡಿಯಲ್ಲಿ ಗುಂಬ ನೇರವಾಗಿ ಅಚ್ಚಿನ ಮೇಲೆ ಉಜ್ಜುತ್ತಿತ್ತು. ಅದಕ್ಕೇ ಕೀಲೆಣ್ಣೆ ಹಾಕದಿದ್ದರೆ ಗಾಡಿ ಕಿರ್ ಎನ್ನುತ್ತಿತ್ತು. ಸೈಕಲ್ಲಿನ ಹಬ್‌ನಲ್ಲಿ ಉಕ್ಕಿನ ಪುಟ್ಟ ಗುಂಡುಗಳಿವೆ. ಪ್ಯಾರಿಸ್ಸಿನ ಸುರಿರೇ ಎಂಬ ಸೈಕಲ್ ತಯಾರಕರು 1869ರಲ್ಲಿ ಇಂತಹ ಗುಂಡಿನ ಬೇರಿಂಗಿಗೆ ಪೇಟೆಂಟ್ ಪಡೆದರು. ಅದೇ ವರ್ಷ ನವೆಂಬರಿನಲ್ಲಿ ಪ್ಯಾರಿಸ್ಸಿನಿಂದ ರೂಆನ್‌ವರೆಗೆ ನಡೆದ ಪಂದ್ಯವನ್ನು ಗೆದ್ದ ಜೇಮ್ಸ್ ಮೂರ್ ಅವರ ಸೈಕಲ್ಲಿನಲ್ಲಿ ಗುಂಡಿನ ಬೇರಿಂಗ್ ಇತ್ತು.

ಹಬ್‌ನ ಎರಡೂ ತುದಿಗಳಲ್ಲಿ ಬಟ್ಟಲಿನಂತಹ ಒಂದೊಂದು ಭಾಗವಿದೆ. ಅದು ಕಪ್. ನಡುವೆ ಹಾದುಹೋಗುವ ಕಂಬಿಯೇ ಆಕ್ಸಲ್. ಆಕ್ಸಲ್ ಮೇಲೆ ತಿರುಚಿ ಕೂರಿಸುವ, ಮುಂದಕ್ಕೆ ಚೂಪಾದ ಭಾಗ ಕೋನ್. ಕಪ್ ಮತ್ತು ಕೋನ್ ನಡುವೆ ಗುಂಡುಗಳು ಉರುಳುತ್ತವೆ. ಕೋನ್ ಜರುಗದಂತೆ ಹೊರಗಿನಿಂದ ಒಂದು ಲಾಕ್‌ನಟ್ ಬಿಗಿದಿರುತ್ತದೆ.

ಅತಿ ಬಿಗಿ ಬೇಡ, ಸಡಿಲವೂ ಬೇಡ

ನಾನು ಏಳನೇ ತರಗತಿಯಲ್ಲಿದ್ದಾಗ ನನ್ನ ಅಣ್ಣನ ಸೈಕಲ್ಲಿನ ಮುಂದಿನ ಚಕ್ರ ಅಲ್ಲಾಡುತ್ತಿತ್ತು. ನಾನು ಪಾನ ಹಿಡಿದು ಕೋನನ್ನು ಬಲವೆಲ್ಲ ಹಾಕಿ ಬಿಗಿದೆ. ಅಲ್ಲಾಡುವುದು ನಿಂತಿತು. ದೊಡ್ಡ ಮೆಕ್ಯಾನಿಕ್ ಆದೆನೆಂದು ಬೀಗಿದೆ. ಎರಡು ವಾರದಲ್ಲಿ ಚಕ್ರ ಕರಕರ ಎನ್ನತೊಡಗಿತು. ಬಿಚ್ಚಿ ನೋಡಿದರೆ ಎರಡು ಗುಂಡುಗಳು ಒಡೆದಿದ್ದವು. ಕೋನಿನ ಮೇಲೆ ಸಣ್ಣ ಸಣ್ಣ ಗುಳಿಗಳು. ಹೊಸ ಕೋನ್ ತರಲು ಸಂತೆಯ ದಿನದವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಅಣ್ಣ ಐದು ಕಿಲೋಮೀಟರ್ ದೂರದ ಹೈಸ್ಕೂಲಿಗೆ ನಡೆದೇ ಹೋದ. ಅವನು ಒಂದು ಮಾತೂ ಬೈಯಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಏಕೆ ಹೀಗಾಯಿತು? ದುಂಡನೆಯ ಗುಂಡು ಕೋನನ್ನು ಮುಟ್ಟುವ ಜಾಗ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಅತಿಯಾಗಿ ಬಿಗಿದಾಗ ಅಷ್ಟು ಚಿಕ್ಕ ಜಾಗದ ಮೇಲೆ ಒತ್ತಡ ವಿಪರೀತವಾಗುತ್ತದೆ, ಉಕ್ಕೂ ಗುಳಿ ಬೀಳುತ್ತದೆ. ಸಡಿಲ ಬಿಟ್ಟರೂ ಕಷ್ಟವೇ. ಆಗ ಭಾರ ಒಂದೆರಡು ಗುಂಡುಗಳ ಮೇಲೆ ಬಡಿಯುತ್ತದೆ. ಇಳಿಜಾರಿನಲ್ಲಿ ಚಕ್ರ ಓಲಾಡಿದರೆ ಸವಾರನ ಹಿಡಿತ ತಪ್ಪಬಹುದು.

ಎರಡು ಸುಲಭ ಪರೀಕ್ಷೆಗಳು

ಮೊದಲನೆಯದು: ಸೈಕಲ್ಲಿನ ಮುಂಭಾಗ ಎತ್ತಿ ಹಿಡಿದು, ಬ್ರೇಕ್ ರಬ್ಬರ್ ತಾಗದಂತೆ ನೋಡಿಕೊಂಡು, ವಾಲ್ವ್ ಪಕ್ಕಕ್ಕೆ ಬರುವಂತೆ ಚಕ್ರವನ್ನು ನಿಲ್ಲಿಸಿ ಕೈ ಬಿಡಿ. ಚಕ್ರದ ಭಾರವಾದ ಬದಿ ತಾನಾಗಿ ಕೆಳಕ್ಕೆ ಬಂದು, ಅತ್ತಿತ್ತ ತೂಗಿ ನಿಲ್ಲಬೇಕು. ಚಕ್ರ ತಟ್ಟನೆ ನಿಂತರೆ ಹಬ್ ಬಿಗಿಯಾಗಿದೆ, ಇಲ್ಲವೇ ಗ್ರೀಸ್ ಒಣಗಿದೆ.

ಎರಡನೆಯದು: ರಿಮ್ಮನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಕಟಕಟ ಎಂದರೆ ಹಬ್ ಸಡಿಲವಾಗಿದೆ.

ಎರಡೂ ಪರೀಕ್ಷೆಗಳಲ್ಲಿ ಪಾಸಾದ ಹಬ್ ಆರೋಗ್ಯವಾಗಿದೆ.

ಗ್ರೀಸ್ ಬದಲಾಯಿಸೋಣ

ಇದನ್ನು ಮನೆಯ ದೊಡ್ಡವರ ಜೊತೆ, ಮುಂದಿನ ಚಕ್ರಕ್ಕೆ ಮಾತ್ರ ಮಾಡಿ. ಹಿಂದಿನ ಚಕ್ರದಲ್ಲಿ ಚೈನಿನ ಹಲ್ಲುಚಕ್ರವೂ ಇರುವುದರಿಂದ ಅದನ್ನು ಸೈಕಲ್ ಶಾಪಿಗೆ ಬಿಡಿ.

1. ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರ ತೆಗೆಯಿರಿ. ಕೆಳಗೆ ಹಳೆಯ ಬಟ್ಟೆ ಹಾಸಿ. ಗುಂಡು ಉರುಳಿ ಹೋದರೆ ಹುಡುಕುವುದು ಕಷ್ಟ.

2. ಒಂದು ಬದಿಯ ಲಾಕ್‌ನಟ್ ಮತ್ತು ಕೋನ್ ಮಾತ್ರ ಬಿಚ್ಚಿ. ಇನ್ನೊಂದು ಬದಿಯನ್ನು ಮುಟ್ಟಬೇಡಿ. ಆಕ್ಸಲನ್ನು ನಿಧಾನವಾಗಿ ಎಳೆದು ಗುಂಡುಗಳನ್ನು ಎಣಿಸಿ ಬರೆದುಕೊಳ್ಳಿ. ಸಾಮಾನ್ಯವಾಗಿ ಮುಂದಿನ ಹಬ್‌ನಲ್ಲಿ ಒಂದೊಂದು ಬದಿಗೆ 10 ಗುಂಡುಗಳಿರುತ್ತವೆ.

3. ಎಲ್ಲವನ್ನೂ ಬಟ್ಟೆಯಿಂದ ಒರೆಸಿ. ಸೀಮೆಎಣ್ಣೆ ಅಥವಾ ಡೀಸೆಲ್ ಬಳಸಬೇಕಾದರೆ ಅದು ದೊಡ್ಡವರ ಕೆಲಸ. ಹತ್ತಿರ ಬೆಂಕಿ ಇರಕೂಡದು.

4. ಗುಂಡುಗಳು ಹೊಳೆಯುತ್ತಿವೆಯೇ ನೋಡಿ. ಒಂದು ಕೆಟ್ಟಿದ್ದರೂ ಎಲ್ಲವನ್ನೂ ಬದಲಾಯಿಸಿ. ಹಳೆಯವು ಸವೆದಿರುತ್ತವೆ. ಹೊಸ ಗುಂಡು ಒಂದೇ ಇದ್ದರೆ ಅದೇ ದೊಡ್ಡದಾಗಿ ಹೆಚ್ಚಿನ ಭಾರ ಹೊರಬೇಕಾಗುತ್ತದೆ.

5. ಕಪ್‌ಗಳಲ್ಲಿ ಹೊಸ ಗ್ರೀಸ್ ತುಂಬಿ, ಗುಂಡುಗಳನ್ನು ಒಂದೊಂದಾಗಿ ಕೂರಿಸಿ. ಗ್ರೀಸ್ ಅವುಗಳನ್ನು ಬೀಳದಂತೆ ಹಿಡಿದುಕೊಳ್ಳುತ್ತದೆ. ಎಣಿಕೆ ಸರಿಯಿದೆಯೇ ನೋಡಿ.

6. ಆಕ್ಸಲ್ ತೂರಿಸಿ, ಕೋನನ್ನು ಬೆರಳಿನಿಂದಲೇ ಗುಂಡಿಗೆ ತಾಗುವವರೆಗೆ ತಿರುಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ. ಒಂದು ಪಾನದಿಂದ ಕೋನನ್ನು ಹಿಡಿದುಕೊಂಡು ಇನ್ನೊಂದರಿಂದ ಲಾಕ್‌ನಟ್ ಬಿಗಿಯಿರಿ. ಬಿಗಿಯುವಾಗ ಕೋನ್ ಕೊಂಚ ಜರುಗುವುದುಂಟು. ಆದ್ದರಿಂದ ಚಕ್ರ ಹಾಕಿ ನಟ್ಟು ಬಿಗಿದ ಮೇಲೆ ಎರಡೂ ಪರೀಕ್ಷೆಗಳನ್ನು ಮತ್ತೆ ಮಾಡಿ. ಸರಿಯಿಲ್ಲದಿದ್ದರೆ ಬೇಸರಿಸದೆ ಪುನಃ ಹೊಂದಿಸಿ.

ಸವಾರಿಗೆ ಮೊದಲು ಚಕ್ರದ ನಟ್ಟುಗಳನ್ನೂ ಬ್ರೇಕನ್ನೂ ದೊಡ್ಡವರಿಗೆ ತೋರಿಸಿ. ಮಳೆಗಾಲದಲ್ಲಿ ಹಳ್ಳ ದಾಟಿದ ಸೈಕಲ್ಲಿನ ಹಬ್‌ಗೆ ನೀರು, ಮಣ್ಣು ಸೇರುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಗ್ರೀಸ್ ಬದಲಾಯಿಸುವುದು ಒಳ್ಳೆಯ ಅಭ್ಯಾಸ.

ನಮ್ಮ ರಾಜ್ಯದಲ್ಲಿ 2006-07ರಿಂದ ಹಲವು ವರ್ಷ 8ನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಅವುಗಳಲ್ಲಿ ಕೆಲವು ಅಕ್ಕನಿಂದ ತಂಗಿಗೆ, ಅಣ್ಣನಿಂದ ತಮ್ಮನಿಗೆ ದಾಟಿ ಈಗಲೂ ಓಡುತ್ತಿರಬಹುದು. ನಿಮ್ಮ ಮನೆಯಲ್ಲಿ ಅಂತಹದೊಂದು ಮೂಲೆಗೆ ಒರಗಿದ್ದರೆ, ಇಂದೇ ಅದರ ಚಕ್ರ ತಿರುಗಿಸಿ ನೋಡಿ. ಸ್ವಲ್ಪ ಗ್ರೀಸ್ ಮತ್ತು ಒಂದು ಗಂಟೆಯ ತಾಳ್ಮೆ ಸಿಕ್ಕರೆ ಅದು ಮತ್ತೆ ಯಾರನ್ನಾದರೂ ಶಾಲೆಗೆ ಮುಟ್ಟಿಸಬಹುದು.

ಯೋಚಿಸಿ, ಉತ್ತರಿಸಿ

1. ನಿಮ್ಮ ತೂಕ ಮತ್ತು ಸೈಕಲ್ಲಿನ ತೂಕ ಸೇರಿ 50 ಕಿಲೋಗ್ರಾಂ. ನೀವು 20 ಮೀಟರ್ ಎತ್ತರದ ದಿಬ್ಬ ಇಳಿದರೆ ಎಷ್ಟು ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ?

2. ಬ್ರೇಕಿನ ರಬ್ಬರಿಗೆ ಗ್ರೀಸ್ ತಾಗಿದರೆ ಏನಾಗುತ್ತದೆ? ಏಕೆ?

3. ನಿಮ್ಮ ಮನೆಯಲ್ಲಿ, ಹೊಲದಲ್ಲಿ ಗುಂಡಿನ ಬೇರಿಂಗ್ ಇರುವ ಬೇರೆ ಯಾವ ಸಾಧನಗಳಿವೆ? ಪಟ್ಟಿ ಮಾಡಿ.